ಒಂದೊಂದು ಕೊಂಡಿಯ ಮೇಲೂ ಬೆರಳು

ಹೈದರಾಬಾದಿನ ಬಾಲಾನಗರದಲ್ಲಿ, ಲೇತುಗಳ ಸದ್ದು ತುಂಬಿದ ಒಂದು ಗಲ್ಲಿಯ ಕೊನೆಗೆ ತಗಡಿನ ಶೆಡ್ ಇದೆ. ಕ್ರೇನಿಗೆ ಹಾಕುವ ಸರಪಳಿ ಸ್ಲಿಂಗುಗಳನ್ನು ಅಲ್ಲಿ ಜೋಡಿಸುತ್ತಾರೆ, ಹಳೆಯವನ್ನು ತಪಾಸಣೆ ಮಾಡಿ ಕೊಡುತ್ತಾರೆ. ಅಲ್ಲೊಬ್ಬರು ಸರಪಳಿಯ ದೋಷವನ್ನು ಬೆರಳಲ್ಲೇ ಹಿಡಿಯುತ್ತಾರೆ ಎಂದು ಗೆಳೆಯರು ಹೇಳಿದ್ದರಿಂದ ನಾನು ಹೋದೆ. ಹುಮನಾಬಾದ್ ಕಡೆಯ ಹಿರಿಯರು. ಶೆಡ್ಡಿನಲ್ಲಿ ತೆಲುಗಿನವರಿಗೂ ಉರ್ದುವಿನವರಿಗೂ ಅವರು ‘ಕಾಕಾ’. ಕನ್ನಡದವನು ಬಂದಿದ್ದಾನೆಂದು ತಿಳಿದು, “ಬರ್ರೀ, ಕೂಡ್ರಿ, ಮೊದಲ ಚಹಾ ಕುಡೀರಿ” ಎಂದು ಸ್ಟೂಲು ಎಳೆದುಕೊಟ್ಟರು.

ಮೇಜಿನ ಮೇಲೆ ಹತ್ತು ಮಿಲಿಮೀಟರ್ ದಪ್ಪದ, ಗ್ರೇಡ್ 80ರ ಸರಪಳಿ ಹಾವಿನಂತೆ ಬಿದ್ದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಶ್ಶಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿದ್ದರು. ಕಾಕಾ ಒಂದು ಕೊಂಡಿ ಎತ್ತುತ್ತಾರೆ, ಪಕ್ಕದ್ದನ್ನು ಸಡಿಲಿಸಿ ಜಾರಿಸುತ್ತಾರೆ. ಆಗ ಎರಡೂ ಒಂದಕ್ಕೊಂದು ಉಜ್ಜುವ ಒಳಬಾಗು ಕಾಣಿಸುತ್ತದೆ. ಸವೆಯುವುದು ಅಲ್ಲೇ. ಎಳೆದು ಹಿಡಿದ ಸರಪಳಿಯಲ್ಲಿ ಆ ಜಾಗ ಎಂದೂ ಕಣ್ಣಿಗೆ ಬೀಳುವುದಿಲ್ಲ. ಬೆರಳು ಆ ಬಾಗಿನಲ್ಲಿ ಒಂದು ಸುತ್ತು ಬರುತ್ತದೆ, ಬೆಸುಗೆಯ ಗಂಟಿನ ಮೇಲೆ ಕ್ಷಣ ನಿಲ್ಲುತ್ತದೆ. ಅನುಮಾನ ಬಂದರೆ ದಪ್ಪ ಅಳೆಯಲು ವರ್ನಿಯರ್. ಹತ್ತು ಮಿಲಿಮೀಟರಿನ ಕೊಂಡಿ ಒಂಬತ್ತಕ್ಕಿಂತ ಕೆಳಗೆ ಇಳಿದಿದ್ದರೆ ಆ ಸರಪಳಿಯ ಆಯುಷ್ಯ ಮುಗಿಯಿತು.

ನಾನು ನೋಡುತ್ತಿದ್ದಾಗ ಒಂದು ಕಡೆ ಬೆರಳು ನಿಂತೇಬಿಟ್ಟಿತು. ಸಾಸಿವೆ ಕಾಳಿನಷ್ಟು ಒರಟು. ಯಾರೋ ವೆಲ್ಡಿಂಗ್ ರಾಡನ್ನು ಅಲ್ಲಿ ತಗುಲಿಸಿದ್ದರು. ಆ ಒಂದು ಕಿಡಿಯ ಶಾಖಕ್ಕೆ ಉಕ್ಕಿನ ಹದ ಕೆಟ್ಟು, ಬಿರುಕಿಗೆ ಬಾಯಿ ಸಿಗುತ್ತದೆ. ಕಾಕಾ ಚಾಕ್‌ಪೀಸಿನಿಂದ ಸುತ್ತ ಗೆರೆ ಎಳೆದರು, ಏನೂ ಮಾತಾಡಲಿಲ್ಲ.

ಸರಪಳಿ ತಯಾರಾಗುವುದು ದೊಡ್ಡ ಕಾರ್ಖಾನೆಗಳಲ್ಲಿ. ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಸರಳನ್ನು ತುಂಡರಿಸಿ, ಹಿಂದಿನ ಕೊಂಡಿಯೊಳಗೆ ತೂರಿಸಿ ಬಾಗಿಸುತ್ತಾರೆ. ತುದಿಗಳೆರಡಕ್ಕೂ ವಿದ್ಯುತ್ ಹರಿಸಿ, ಒತ್ತಿ ಬೆಸೆಯುತ್ತಾರೆ. ಬಿಸಿ ಇರುವಾಗಲೇ ಉಬ್ಬನ್ನು ಕೆತ್ತಿ ತೆಗೆಯುತ್ತಾರೆ. ಇಡೀ ಸರಪಳಿಯನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಹದಕ್ಕೆ ತರುತ್ತಾರೆ. ಕೊನೆಗೆ ಎಳೆತದ ಪರೀಕ್ಷೆ. ಹತ್ತು ಮಿಲಿಮೀಟರಿನ ಈ ಸರಪಳಿ ಹೊರಬೇಕಾದದ್ದು 3.15 ಟನ್. ಕಾರ್ಖಾನೆಯಲ್ಲಿ ಅದರ ಎರಡೂವರೆ ಪಟ್ಟು ಎಳೆದು ನೋಡುತ್ತಾರೆ. ಮುರಿಯುವ ಬಲ ನಾಲ್ಕು ಪಟ್ಟಿಗಿಂತ ಕಡಿಮೆ ಇರುವಂತಿಲ್ಲ. ಮಾದರಿಗೆ ತೆಗೆದ ತುಂಡನ್ನು ಮುರಿಯುವವರೆಗೂ ಎಳೆಯುತ್ತಾರೆ. ಕಡಿಯುವ ಮುಂಚೆ ಅದು ಕನಿಷ್ಠ ಶೇಕಡಾ 20ರಷ್ಟು ಉದ್ದವಾಗಬೇಕು. ಅಷ್ಟು ಜಗ್ಗದೆ ಪಟ್ಟನೆ ಹೋದರೆ, ಎಷ್ಟು ಟನ್ ಎತ್ತಿದರೂ ನಪಾಸು. ನನ್ನ ಮನಸ್ಸಿನಲ್ಲಿ ಉಳಿದ ನಿಯಮ ಇದು.

“ಮುರಿಯೂಕಿಂತ ಮೊದಲ ಇದು ಉದ್ದ ಆಗ್ತದ್ರೀ. ಹೇಳೇ ಹೋಗ್ತದ” ಎಂದರು ಕಾಕಾ. ಅತಿಭಾರ ಬಿದ್ದ ಕೊಂಡಿಗಳು ನೀಳವಾಗಿ, ಪಕ್ಕಗಳು ಒಳಸರಿದು, ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಅಂಥ ಸರಪಳಿ ಎತ್ತಿ ಹಿಡಿದರೆ ಇಳಿಬೀಳುವುದಿಲ್ಲ, ಕೋಲಿನಂತೆ ನಿಲ್ಲುತ್ತದೆ. ಮೂಲೆಯಲ್ಲಿದ್ದ ಅಂಥದ್ದೊಂದು ತುಂಡನ್ನು ಕೈಗೆ ಕೊಟ್ಟರು.

ಉಕ್ಕಿನ ಕಥೆ ಈ ನೆಲಕ್ಕೆ ಹೊಸದಲ್ಲ. ಇಲ್ಲಿನ ಹಳೆಯ ಮೂಸೆ ಉಕ್ಕಿಗಿರುವ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದೇ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರದಲ್ಲಿ ಮೂಸೆಗಳಲ್ಲಿ ಕರಗಿಸಿದ ಉಕ್ಕಿಗಾಗಿ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. ಖಡ್ಗಕ್ಕೆ ಅಂಚು ಕೊಟ್ಟ ಆ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಬಾಗಬೇಕಾದ, ಬೆಸುಗೆ ಹಿಡಿಯಬೇಕಾದ ಸರಪಳಿಯಲ್ಲಿ ಇಂಗಾಲ ತೀರ ಕಡಿಮೆ ಇರಬೇಕು. ಸರಪಳಿಗೂ ತನ್ನದೇ ಚರಿತ್ರೆಯಿದೆ. ಜರ್ಮನಿಯ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1829ರ ಸುಮಾರಿಗೆ ಕಬ್ಬಿಣದ ಸರಪಳಿಗೆ ಮತ್ತೆ ಮತ್ತೆ ಭಾರ ಹೇರಿ, ಲೋಹವೂ ದಣಿಯುತ್ತದೆ ಎಂದು ಕಂಡುಕೊಂಡ. ಲೋಹದ ದಣಿವಿನ ಅಧ್ಯಯನ ಶುರುವಾದದ್ದೇ ಸರಪಳಿಯಿಂದ.

1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್, ಭಾರ ಎತ್ತುವ ಪ್ರತಿ ಸರಪಳಿಯನ್ನೂ 12 ತಿಂಗಳಿಗೊಮ್ಮೆಯಾದರೂ ಅರ್ಹರು ಕೂಲಂಕಷವಾಗಿ ನೋಡಲೇಬೇಕು ಎಂದಿತ್ತು. ಆದರೆ ಕಟ್ಟಡದ ಕೆಲಸಗಳಲ್ಲಿ ಹಾರ್ಡ್‌ವೇರ್ ಅಂಗಡಿಯ ಕೆಜಿ ಲೆಕ್ಕದ ಸರಪಳಿಯಲ್ಲೇ ತೊಲೆ ಎತ್ತುವುದನ್ನು ನಾನೇ ಕಂಡಿದ್ದೇನೆ. ಉದ್ದ ಹೆಚ್ಚಾದರೆ ಗಂಟು ಹಾಕುತ್ತಾರೆ, ಕೊಂಡಿ ಹೋದರೆ ನಟ್ಟು ಬೋಲ್ಟು. ಕೆಳಗೆ ನಿಂತವರು ದಿನಗೂಲಿಯವರು.

ಕಾಕಾ ತಮ್ಮ ಟವಲಿನ ನಡುವೆ ನೀರಿನ ಬಾಟಲಿ ಕಟ್ಟಿ, ತುದಿಗಳನ್ನು ನನ್ನ ಎರಡು ಕೈಗೆ ಕೊಟ್ಟರು. “ಈಗ ಕೈ ಅಗಲ ಮಾಡ್ರಿ.” ಅಗಲಿಸಿದಷ್ಟೂ ತೋಳು ಸೋತವು. ಎರಡು ಕಾಲಿನ ಸ್ಲಿಂಗಿನಲ್ಲಿ ಕಾಲುಗಳು ಲಂಬರೇಖೆಯಿಂದ 60 ಡಿಗ್ರಿ ವಾಲಿದರೆ ಒಂದೊಂದು ಕಾಲಿನ ಮೇಲೂ ಪೂರ್ತಿ ಭಾರದಷ್ಟೇ ಎಳೆತ ಬೀಳುತ್ತದೆ. ಹೊಸ ಹುಡುಗರಿಗೆ ಅವರು ಮೊದಲ ದಿನ ಕಲಿಸುವುದು ಇದನ್ನೇ. ಈಗ ಅಂಥ ಹುಡುಗರು ಬರುವುದು ಕಡಿಮೆ. ಬಂದವರೂ ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ.

ಸಂಜೆ ಸ್ಲಿಂಗಿನ ಮಾಲೀಕರ ಕಡೆಯವನು ಬಂದ. ಚಾಕ್ ಗುರುತು ನೋಡಿ, “ಒಂದು ವರ್ಷ ನಡೆಯಲಿ ಕಾಕಾ” ಎಂದು ಉರ್ದುವಿನಲ್ಲಿ ಗೋಗರೆದ. ಕಾಕಾ ಕಟರ್ ಹಚ್ಚಿ ಆ ಕೊಂಡಿಯನ್ನು ಎರಡು ಮಾಡಿದರು. ಗುಜರಿಗೆ ಹೋದ ಸರಪಳಿ ಮತ್ತೆ ಇನ್ನೊಬ್ಬರ ತಲೆಯ ಮೇಲೆ ತೂಗಬಾರದೆಂದು ಮೂರು ಕಡೆ ಕತ್ತರಿಸಿದರು.

ಆಮೇಲೆ ಮುಂದಿನ ಸರಪಳಿ ಎಳೆದುಕೊಂಡರು. ಕಣ್ಣಿಗೆ ಪೊರೆ ಬಂದಿದೆ, ವರ್ನಿಯರಿನ ಸಣ್ಣ ಗೆರೆಗಳು ಈಗ ಅವರಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತ ಶೆಡ್ಡಿನ ಒಬ್ಬನೇ ಹುಡುಗ ಓದಿ ಹೇಳುತ್ತಾನೆ. “ಒಂಬತ್ತು ಪಾಯಿಂಟ್ ಎಂಟು,” ಎಂದ. ಕಾಕಾ ಬೆರಳು ಅದೇ ಬಾಗಿನಲ್ಲಿ ಇಟ್ಟುಕೊಂಡು, “ಇನ್ನೊಮ್ಮೆ ನೋಡೋ” ಎಂದರು. ಹುಡುಗ ಬಲ್ಬಿನ ಕೆಳಗೆ ಬಗ್ಗಿ ಮತ್ತೆ ಹಿಡಿದ. “ಒಂಬತ್ತು ಪಾಯಿಂಟ್ ಆರು, ಕಾಕಾ.”