ಯಾವ ಮೀನಿಗೆ ಯಾವ ಮೀನು ಜೊತೆ?

ಅಂಗಡಿಯ ತೊಟ್ಟಿಗಳಲ್ಲಿ ನಾವು ನೋಡುವ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಇನ್ನೂ ಮರಿಗಳು. ಬೆರಳುದ್ದದ ಆಸ್ಕರ್ ಬಲಿತರೆ ಒಂದಡಿ ಆಗುತ್ತದೆ. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿರುವ ಪುಟ್ಟ ಸಕ್ಕರ್ ಕೂಡ ಅಷ್ಟೇ ಬೆಳೆಯುತ್ತದೆ, ಕೆಲವು ಅದನ್ನೂ ಮೀರುತ್ತವೆ. ಸಾಮಾನ್ಯವಾಗಿ ಮನೆಗೆ ತರುವುದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೂ ಅದು 57 ಲೀಟರಿಗಿಂತ ಹೆಚ್ಚು ನೀರು ಹಿಡಿಯುವುದಿಲ್ಲ; ಮರಳು, ಕಲ್ಲು ಹಾಕಿದ ಮೇಲೆ 45 ಲೀಟರ್ ಉಳಿದರೆ ದೊಡ್ಡದು. ಅಷ್ಟು ನೀರಿಗೆ ಬಣ್ಣ ನೋಡಿ ಆರೇಳು ಜಾತಿಯ ಜೋಡಿಗಳನ್ನು ತಂದು ಸುರಿಯುವ ರೂಢಿ ಬಹಳಷ್ಟು ಮೀನುಗಳನ್ನು ಬಲಿ ತೆಗೆದುಕೊಂಡಿದೆ.

ಮೀನು ಆರಿಸುವ ಮೊದಲು ಮನೆಯ ನಲ್ಲಿಯನ್ನು ನೋಡಿ. ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತಿದ್ದರೆ, ಸೋಪು ಸರಿಯಾಗಿ ನೊರೆ ಬರದಿದ್ದರೆ ಅದು ಗಡಸು ನೀರು. ಬೆಂಗಳೂರಿನ ಬೋರ್‌ವೆಲ್ ನೀರು ಬಹಳ ಕಡೆ ಹೀಗೇ ಇರುತ್ತದೆ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮುಂತಾದ, ಮೊಟ್ಟೆಯಿಡದೆ ನೇರ ಮರಿ ಹಾಕುವ ಮೀನುಗಳಿಗೆ ಈ ನೀರು ಒಗ್ಗುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ತೊರೆಗಳ ಮೀನು. ಅದಕ್ಕೆ ಬೇಕಾದ್ದು ಮೆದುವಾದ, ತುಸು ಆಮ್ಲಗುಣದ ನೀರು. ಮೋಲಿಯೂ ಸಾಧು, ನಿಯಾನೂ ಸಾಧು. ಆದರೂ ಒಂದಕ್ಕೆ ಹಿತವಾದ ನೀರಿನಲ್ಲಿ ಇನ್ನೊಂದು ಸೊರಗುತ್ತದೆ. ಜಗಳವಾಡದ ಮೀನುಗಳೆಲ್ಲ ಒಟ್ಟಿಗೆ ಬಾಳುತ್ತವೆ ಎಂದು ನಂಬಿ ಕೈಸುಟ್ಟುಕೊಂಡವರು ಬಹಳ ಮಂದಿ.

ನೀರಿನ ಬಿಸಿಯೂ ಅಷ್ಟೇ ಮುಖ್ಯ. ಗೋಲ್ಡ್‌ಫಿಶ್ ಮೂಲತಃ ಚೀನಾದ ಕಾರ್ಪ್ ಬಳಗದ್ದು. 18ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಸುಖ. ಮಡಿಕೇರಿಯಲ್ಲಿ, ಬೆಂಗಳೂರಿನಲ್ಲಿ ವರ್ಷದ ಬಹುಭಾಗ ಅದು ನೆಮ್ಮದಿಯಾಗಿರುತ್ತದೆ. ಮಂಗಳೂರಿನ ಸೆಕೆಯಲ್ಲಿ, ರಾಯಚೂರಿನ ಬೇಸಿಗೆಯಲ್ಲಿ ಅದರ ಪಾಡು ಬೇರೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಹೆಚ್ಚಾಗುತ್ತದೆ. ಏಂಜೆಲ್, ಫೈಟರ್ ಮೀನುಗಳದ್ದು ತದ್ವಿರುದ್ಧ, ಅವಕ್ಕೆ 24ರಿಂದ 28 ಡಿಗ್ರಿ ಬೇಕು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ. ಹಾಗಾಗಿ ಗೋಲ್ಡ್‌ಫಿಶ್ ಜೊತೆಗೆ ಏಂಜೆಲ್ ಸಾಕುವುದು ಎಷ್ಟೇ ಸಾಮಾನ್ಯವಾಗಿ ಕಂಡರೂ ತಪ್ಪು. ಗೋಲ್ಡ್‌ಫಿಶ್ ಹೊಟ್ಟೆಬಾಕ, ಹೊಲಸೂ ಹೆಚ್ಚು. ಅದರ ತೊಟ್ಟಿ ಅದಕ್ಕೇ ಇರಲಿ.

ಮೀನಿನ ಲೋಕದಲ್ಲಿ ಬಾಯಿಗೆ ಹಿಡಿಸುವುದೆಲ್ಲ ಆಹಾರ. ಏಂಜೆಲ್ ಮತ್ತು ನಿಯಾನ್ ಎರಡೂ ಚಿಕ್ಕವಿದ್ದಾಗ ಒಟ್ಟಿಗೆ ಈಜುತ್ತಿದ್ದರೆ ನೋಡಲು ಚೆಂದ. ಕೆಲವು ತಿಂಗಳು ಕಳೆಯಲಿ. ಏಂಜೆಲ್ ಅಂಗೈಯಗಲ ಆಗುತ್ತದೆ, ನಿಯಾನ್ ಇದ್ದಷ್ಟೇ ಇರುತ್ತದೆ. ಆಮೇಲೆ ಬೆಳಗ್ಗೆ ಎದ್ದು ಎಣಿಸಿದರೆ ಒಂದು ಕಡಿಮೆ, ವಾರ ಬಿಟ್ಟು ಇನ್ನೊಂದು ಕಡಿಮೆ. ಹೆಣವೂ ಸಿಗುವುದಿಲ್ಲ. ಏಂಜೆಲ್ ದುಷ್ಟ ಮೀನೇನಲ್ಲ, ಇಂಥ ಸಣಕಲು ಮೀನುಗಳನ್ನು ಹಿಡಿದು ತಿನ್ನುವುದೇ ಅದರ ಹುಟ್ಟುಗುಣ.

ಟೈಗರ್ ಬಾರ್ಬ್‌ನ ಕಥೆ ಬೇರೆ. ಅದು ನುಂಗುವುದಿಲ್ಲ, ರೆಕ್ಕೆ ಕಚ್ಚುತ್ತದೆ. ತೊಟ್ಟಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕೂತರೆ ಸಾಕು, ಕಾಣಿಸುತ್ತದೆ: ಗಪ್ಪಿಯ ಬಾಲ ಎದುರಿಗೆ ಅಲುಗಿದ ಕ್ಷಣವೇ ಬಾರ್ಬ್ ಸರ್ರನೆ ನುಗ್ಗಿ, ಬಾಲದ ಅಂಚನ್ನು ಕಿತ್ತು, ಹಿಂದಕ್ಕೆ ಸರಿಯುತ್ತದೆ. ಎರಡು ದಿನದಲ್ಲಿ ಬಾಲ ಚಿಂದಿ. ಗಾಯಕ್ಕೆ ಹತ್ತಿಯಂಥ ಬೂಷ್ಟು ಹಿಡಿದರೆ ಗಪ್ಪಿ ಉಳಿಯುವುದು ಕಷ್ಟ. ಕಾಟ ಕಡಿಮೆಯಾಗಲೆಂದು ಎರಡೇ ಬಾರ್ಬ್ ತರುವವರಿದ್ದಾರೆ. ಆಗ ಕಾಟ ಹೆಚ್ಚುತ್ತದೆ. ಹಿಂಡಿನಲ್ಲಿ ಮೇಲುಕೀಳು ತೀರ್ಮಾನಿಸಿಕೊಳ್ಳಲು ಬಾರ್ಬ್‌ಗಳು ತಮ್ಮತಮ್ಮಲ್ಲೇ ಓಡಿಸಾಡುತ್ತವೆ; ಹಿಂಡೇ ಇಲ್ಲದಿದ್ದರೆ ಆ ಹುರುಪೆಲ್ಲ ಪಕ್ಕದ ಮೀನಿನ ಮೇಲೆ. ಎಂಟು–ಹತ್ತು ಬಾರ್ಬ್‌ಗಳನ್ನು ದೊಡ್ಡ ತೊಟ್ಟಿಯಲ್ಲಿ ಸಾಕಿ, ಜೊತೆಗೆ ಉದ್ದ ರೆಕ್ಕೆಯ ಯಾವ ಮೀನನ್ನೂ ಬಿಡದಿದ್ದರೆ ಗಲಾಟೆ ಬಹಳ ಮಟ್ಟಿಗೆ ಅವುಗಳೊಳಗೇ ಮುಗಿಯುತ್ತದೆ. ನಿಯಾನ್, ಜೀಬ್ರಾ ಮೀನುಗಳೂ ಹಿಂಡಿನವೇ. ಆರಕ್ಕಿಂತ ಕಡಿಮೆ ಇದ್ದರೆ ಅವು ಹೆದರಿ ಮೂಲೆ ಸೇರುತ್ತವೆ, ಬಣ್ಣ ಕಳೆದುಕೊಳ್ಳುತ್ತವೆ. ಆದ್ದರಿಂದ ಜಾತಿ ಕಡಿಮೆ, ಒಂದೊಂದು ಜಾತಿಯಲ್ಲಿ ಸಂಖ್ಯೆ ಹೆಚ್ಚು ಇರಲಿ.

ಗಂಡು ಫೈಟರ್ ಒಂಟಿ ಜೀವಿ. ಥಾಯ್ಲೆಂಡಿನಲ್ಲಿ ಕಾಳಗಕ್ಕೆಂದೇ ತಲೆಮಾರುಗಳಿಂದ ತಳಿ ಬೆಳೆಸಿದ ಮೀನಿದು. ಇನ್ನೊಂದು ಗಂಡನ್ನು ಕಂಡರಂತೂ ಸರಿಯೇ, ಬಣ್ಣದ ಬಾಲದ ಗಪ್ಪಿಯನ್ನು ಕಂಡರೂ ಎದುರಾಳಿಯೆಂದು ಮೇಲೆ ಬೀಳುತ್ತದೆ. ಅದು ಮೇಲೆ ಬಂದು ಗಾಳಿ ಗುಟುಕರಿಸಿ ಉಸಿರಾಡಬಲ್ಲದು. ಹಾಗೆಂದು ಗಾಜಿನ ಬಟ್ಟಲಲ್ಲಿ ಕೂಡಿಹಾಕುವುದು ಕ್ರೂರ. 15–20 ಲೀಟರಿನ ಸ್ವಂತ ತೊಟ್ಟಿ, ನಾಲ್ಕು ಗಿಡ ಕೊಡಿ.

ಬೆಂಗಳೂರು, ಮೈಸೂರಿನ ಕಡೆ ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಇದು: ಎರಡಡಿ ತೊಟ್ಟಿಯಲ್ಲಿ ಎಂಟು ಜೀಬ್ರಾ, ಅವು ಹೊಂದಿಕೊಂಡ ಮೇಲೆ ತಳದಲ್ಲಿ ಆರು ಪೆಪ್ಪರ್ ಕೋರಿಡೋರಾಸ್. ಜೀಬ್ರಾ ಭಾರತ ಉಪಖಂಡದ ತೊರೆಗಳದ್ದೇ ಮೀನು, ಗಟ್ಟಿ ಜೀವ. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಅದನ್ನು ಸಾಕುತ್ತಾರೆ. ಎರಡಕ್ಕೂ ತುಸು ತಂಪು ನೀರು ಸೇರುತ್ತದೆ. ಒಂದು ನೀರಿನ ಮೇಲುಭಾಗದಲ್ಲಿ ಓಡಾಡಿದರೆ ಇನ್ನೊಂದು ತಳ ಕೆದಕುತ್ತದೆ, ಜಾಗಕ್ಕೆ ಜಗಳವಿಲ್ಲ. ಕೋರಿಡೋರಾಸ್‌ಗೆ ನುಣ್ಣನೆ ಮರಳು ಹಾಸಿ; ಚೂಪು ಜಲ್ಲಿಯಲ್ಲಿ ಅದರ ಮೀಸೆ ಸವೆದು ಹುಣ್ಣಾಗುತ್ತದೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು, ಆತುರ ಬೇಡ.

ಮಿಸ್ ಕೇರಳ ಎಂದು ಮಾರುವ ಕೆಂಪುಗೆರೆಯ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದು ಹಿಡಿದೇ ಅದೀಗ ಅಳಿವಿನಂಚಿನ ಪಟ್ಟಿ ಸೇರಿದೆ. ನಾಲ್ಕಡಿ ತೊಟ್ಟಿ, ಹರಿವಿರುವ ನೀರು, ಆರರ ಹಿಂಡು, ಇಷ್ಟಿದ್ದರೆ ಮಾತ್ರ ಯೋಚಿಸಿ, ಅದೂ ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ತನ್ನಿ.

ಎಷ್ಟು ನೋಡಿ ತಂದರೂ ಒಮ್ಮೊಮ್ಮೆ ಒಂದು ಮೀನು ತೊಟ್ಟಿಗೆ ದೊಡ್ಡದಾಗಿಬಿಡುತ್ತದೆ. ಆಗ ಪುಣ್ಯ ಬರಲೆಂದು ಅದನ್ನು ಕೆರೆಗೆ ಬಿಡಬೇಡಿ. ಹೀಗೆ ಹೊರಬಿದ್ದ ಸಕ್ಕರ್ ಮೀನುಗಳು ದಕ್ಷಿಣ ಭಾರತದ ಕೆರೆ, ಹೊಳೆಗಳಲ್ಲಿ ಬೀಡುಬಿಟ್ಟು ನಮ್ಮ ಮೀನುಗಳ ಅನ್ನ ಕಿತ್ತುಕೊಳ್ಳುತ್ತಿವೆ, ಬೆಸ್ತರ ಬಲೆ ಹರಿಯುತ್ತಿವೆ. ಅಂಗಡಿಗೇ ವಾಪಸು ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ ಕೊಡಿ.