ಎಂಟನೇ ತರಗತಿಗೆ ಮುಗಿಯುವ ಓದು

ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ ರಾಜ್ಯಗಳ ಹಳ್ಳಿ ರಸ್ತೆಗಳಲ್ಲಿ ಕಾರುಗಳ ನಡುವೆ ಕುದುರೆಗಾಡಿಗಳೂ ಓಡುತ್ತವೆ. ಅವು ಆಮಿಶ್ ಕ್ರೈಸ್ತರ ವಾಹನಗಳು. ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ನೇತೃತ್ವದಲ್ಲಿ 1693ರಲ್ಲಿ ಸ್ವಿಟ್ಜರ್ಲೆಂಡಿನ ಅನಾಬ್ಯಾಪ್ಟಿಸ್ಟ್ ಪಂಥದಿಂದ ಕವಲೊಡೆದ ಪಂಗಡವಿದು. ಯೂರೋಪಿನ ಕಿರುಕುಳ ತಾಳಲಾರದೆ 18ನೇ ಶತಮಾನದಿಂದ ಇವರು ಅಮೆರಿಕಕ್ಕೆ ವಲಸೆ ಬಂದರು. ವಿದ್ಯುತ್ ತಂತಿಯನ್ನು ಮನೆಯೊಳಕ್ಕೆ ಬಿಡುವುದಿಲ್ಲ, ಕಾರು ಕೊಳ್ಳುವುದಿಲ್ಲ. ಯಂತ್ರವೇ ಪಾಪ ಎಂದಲ್ಲ. ನೆರೆಹೊರೆಯ ನಂಟು ಸಡಿಲವಾಗಬಾರದೆಂದು.

ಮಕ್ಕಳ ಓದೂ ಎಂಟನೇ ತರಗತಿಗೆ ಮುಗಿಯುತ್ತದೆ; ಮುಂದಿನ ಪಾಠವೆಲ್ಲ ಹೊಲ-ಮನೆಗಳಲ್ಲಿ. 1960ರ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಮಕ್ಕಳನ್ನು ಹೈಸ್ಕೂಲಿಗೆ ಕಳಿಸದ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1972ರಲ್ಲಿ ಕೋರ್ಟು ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿದು ತಂದೆಯರ ಪರ ತೀರ್ಪಿತ್ತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ, ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕೆಂದು ಭಾಗಶಃ ಭಿನ್ನಮತ ಬರೆದರು.

ಆಮಿಶರಲ್ಲಿ ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ. ಪ್ರಾಯಕ್ಕೆ ಬಂದವರು ಸ್ವಇಚ್ಛೆಯಿಂದ ಪಡೆಯಬೇಕು. ಬಹುತೇಕರು ಪಡೆದು, ಅಲ್ಲೇ ಉಳಿಯುತ್ತಾರೆ. ಅವರ ಸಂಖ್ಯೆ ಈಗ 4 ಲಕ್ಷದ ಆಸುಪಾಸಿನಲ್ಲಿದೆ. ಆದರೆ ಹೈಸ್ಕೂಲಿನ ಮೆಟ್ಟಿಲು ಹತ್ತದವರಿಗೆ ಹೊರಗಿನ ಬದುಕನ್ನು ಆರಿಸಿಕೊಳ್ಳುವುದು ಎಷ್ಟು ಸುಲಭ? ಡಗ್ಲಸ್ ಎತ್ತಿದ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.