ಕಿಡಿ ತಿಂದ ಸಿಲಿಕೋನ್

ಹೈಟೆನ್ಷನ್ ಟವರ್‌ಗಳಲ್ಲಿ ತಂತಿ ಹಿಡಿದು ನಿಂತ ಕಂದು ಪಿಂಗಾಣಿ ಬಿಲ್ಲೆಗಳ ಜಾಗಕ್ಕೆ ಈಗೀಗ ಸಿಲಿಕೋನ್ ರಬ್ಬರಿನ ಇನ್ಸುಲೇಟರ್‌ಗಳು ಬರುತ್ತಿವೆ. ಹಗುರ ಎಂಬುದೊಂದು ಕಾರಣ. ದೊಡ್ಡ ಕಾರಣ ನೀರಿನದು. ಪಿಂಗಾಣಿಯ ಮೇಲೆ ಮಂಜು ಕವಿದರೆ ನೀರು ತೆಳ್ಳಗೆ ಹರಡುತ್ತದೆ. ಅದರಲ್ಲಿ ಉಪ್ಪು, ಧೂಳು ಬೆರೆತರೆ ಕರೆಂಟ್ ಸೋರಲು ದಾರಿಯಾಯಿತು. ಸಿಲಿಕೋನ್ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿಯೇ ಕೂರುತ್ತದೆ. ಹನಿಗಳ ನಡುವೆ ಒಣ ಜಾಗ ಉಳಿದಷ್ಟು ಕಾಲ ಭಯವಿಲ್ಲ.

ಸಿಲಿಕೋನ್ ಎಂದರೆ ಸಿಲಿಕಾನ್, ಆಮ್ಲಜನಕ ಒಂದಾದ ಮೇಲೊಂದರಂತೆ ಪೋಣಿಸಿಕೊಂಡ ಸರಪಳಿ. ಪ್ರತಿ ಸಿಲಿಕಾನ್ ಪರಮಾಣುವಿಗೂ ಎರಡೆರಡು ಮೀಥೈಲ್ ಗುಂಪು. ಇವು ಹೊರಗೆ ಮುಖ ಮಾಡಿ ನೀರನ್ನು ದೂರವಿಡುತ್ತವೆ. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನ 100 ಡಿಗ್ರಿ ದಾಟುತ್ತದೆ.

ತಮಾಷೆಯೆಂದರೆ, ಕಾಟ ಶುರುವಾಗುವುದು ಅದೇ ಹನಿಗಳಿಂದ. ನೀರು, ರಬ್ಬರು, ಗಾಳಿ ಮೂರೂ ಸೇರುವ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ, ಗಾಳಿ ಅಯಾನುಗಳಾಗಿ ಒಡೆದು ಸಣ್ಣಗೆ ನೇರಳೆ ಬೆಳಕು ಚಿಮ್ಮುತ್ತದೆ. ಇದೇ ಕೊರೋನಾ ವಿಸರ್ಜನೆ. ಎಲೆಕ್ಟ್ರಾನುಗಳು, ಓಝೋನ್, ಅತಿನೇರಳೆ ಕಿರಣ ಸೇರಿ ಮೀಥೈಲ್‌ಗಳನ್ನು ಕಿತ್ತು ಆ ಜಾಗದಲ್ಲಿ ನೀರುಪ್ರಿಯ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸುತ್ತವೆ. ಹನಿ ಚಪ್ಪಟೆಯಾಗಿ ಹರಡುತ್ತದೆ. ಕಿಡಿ ಮುಂದುವರಿದರೆ ಮೇಲ್ಪದರ ಗಾಜಿನಂಥ ತೆಳು ಚರ್ಮವಾಗಿ ಬಿರುಕು ಬಿಡುತ್ತದೆ.

ಆದರೆ ಒಂದಷ್ಟು ಗಂಟೆ ಅಥವಾ ಕೆಲವು ದಿನ ಸುಮ್ಮನೆ ಬಿಟ್ಟರೆ ಹನಿ ಮತ್ತೆ ದುಂಡಗಾಗುತ್ತದೆ! ಹೈಡ್ರಾಕ್ಸಿಲ್‌ಗಳು ಹೊರಳಿ ಒಳಮುಖವಾಗುವುದು ಇದರಲ್ಲಿ ಒಂದು ಪಾಲು. ಹೆಚ್ಚಿನ ಕೆಲಸ ರಬ್ಬರಿನೊಳಗೆ ಬಂಧನವಿಲ್ಲದೆ ಅಡ್ಡಾಡುವ ಗಿಡ್ಡ ಸರಪಳಿಗಳದು. ಅವು ಎಣ್ಣೆಯಂತೆ ಜಿನುಗಿ, ಬಿರುಕುಗಳಿಂದಲೂ ನುಸುಳಿ ಮೇಲೆ ಬಂದು ಹೊಸ ಪದರ ಹೊದಿಸುತ್ತವೆ. ಮೇಲೆ ಕೂತ ಧೂಳಿಗೂ ಇದೇ ಎಣ್ಣೆ ಹತ್ತಿ, ಕೊಳಕೇ ನೀರನ್ನು ದೂಡತೊಡಗುತ್ತದೆ. ನನ್ನ ಮಟ್ಟಿಗೆ ಸಿಲಿಕೋನಿನ ನಿಜವಾದ ಬಂಡವಾಳ ಈ ಚೇತರಿಕೆಯೇ. ಆರಂಭದಲ್ಲಿ ನೀರು ದೂಡುವ ಗುಣ ಬೇರೆ ಪಾಲಿಮರುಗಳಿಗೂ ಇರುತ್ತದೆ.

ಚೇತರಿಕೆಗೆ ಬಿಡುವು ಬೇಕು, ಅಷ್ಟೇ. ದಿನಗಟ್ಟಲೆ ಉಪ್ಪುಮಂಜು ಕವಿದರೆ ಎಣ್ಣೆ ಜಿನುಗುವುದಕ್ಕಿಂತ ಕಿಡಿಯ ಹಾನಿಯೇ ಮುಂದಾಗಿ, ಹರಡಿದ ನೀರು ಅಲ್ಲಲ್ಲಿ ಒಣಗಿದ ಪಟ್ಟಿಗಳಲ್ಲಿ ಆರ್ಕ್ ಹತ್ತಿ ರಬ್ಬರು ಸವೆಯುತ್ತದೆ. ಅದಕ್ಕೆಂದೇ ತಯಾರಿಸುವಾಗ ಅಲ್ಯೂಮಿನಾ ಟ್ರೈಹೈಡ್ರೇಟ್ ಪುಡಿ ಬೆರೆಸುತ್ತಾರೆ. ಬಿಸಿ ತಾಗಿದರೆ ಅದು ಒಳಗಿನ ನೀರು ಬಿಟ್ಟು ತಂಪು ಮಾಡುತ್ತದೆ.

ದ್ರವ ಹರಿಸುವ ಸೂಕ್ಷ್ಮ ನಾಳಗಳ ಚಿಪ್ ಮಾಡುವವರದು ಇದಕ್ಕೆ ತಿರುಗುಮುರುಗು. ಸಿಲಿಕೋನನ್ನು ಗಾಜಿಗೆ ಅಂಟಿಸಲು ಅವರು ಬೇಕೆಂದೇ ಆಮ್ಲಜನಕದ ಪ್ಲಾಸ್ಮಾ ಹಾಯಿಸಿ ಹೈಡ್ರಾಕ್ಸಿಲ್ ಎಬ್ಬಿಸುತ್ತಾರೆ. ಅಲ್ಲಿ ಚೇತರಿಕೆಯೇ ತಲೆನೋವು: ಬೇಗಬೇಗ ಅಂಟಿಸಬೇಕು, ನಾಳದ ಒಳಮೈ ನೀರುಪ್ರಿಯವಾಗಿಯೇ ಉಳಿಯಬೇಕೆಂದರೆ ಚಿಪ್ಪನ್ನು ನೀರಲ್ಲಿ ಮುಳುಗಿಸಿಡಬೇಕು.